ಮಾಲೂರಿನ ಆಕಾಶದಲ್ಲಿ ನನ್ನ ಸಹಿ

ಕೆಲವರ ಕೆಲಸದಲ್ಲಿ ತಮಾಷೆ ನಡೆಯುತ್ತದೆ, ಕೆಲವರ ಕೆಲಸದಲ್ಲಿ ಗಾಬರಿ ನಡೆಯುತ್ತದೆ. ನನ್ನ ಕೆಲಸದಲ್ಲಿ ಎರಡೂ ಒಂದೇ ಬಸ್ಸಿನಲ್ಲಿ ಬಂದು ಇಳಿಯುತ್ತವೆ, ಗಾಬರಿ ಮಾತ್ರ ಯಾವಾಗಲೂ ಮುಂದಿನ ಬಾಗಿಲಿಂದ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟಾ ಪುಕ್ಕಲ. ಕೋಲಾರದ ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕ್ ತೊಳೆಯುವುದಕ್ಕೆ ನನ್ನ ಹೆಂಡತಿ ಹತ್ತುತ್ತಾಳೆ, ನಾನು ಕೆಳಗೆ ಏಣಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಿರುತ್ತೇನೆ. ಇಂಥವನಿಗೆ ಸಿಕ್ಕಿದ್ದು ವಿಮಾನದ ಕೆಲಸ. ಮಾಲೂರಿನ ಆಚೆ, ನೀಲಗಿರಿ ತೋಪುಗಳ ನಡುವೆ ಒಂದು ಖಾಸಗಿ ರನ್‌ವೇ ಇದೆ. ಅದರ ಪಕ್ಕ ತಗಡಿನ ಶೆಡ್ಡು, ಶೆಡ್ಡಿನೊಳಗೆ ಮೂರು ಪುಟ್ಟ ವಿಮಾನ. ಅವುಗಳ ರೇಡಿಯೋ ಸಾಮಾನೆಲ್ಲ ನೋಡಿಕೊಳ್ಳುವವನು ನಾನು. ನೋಡಿಕೊಳ್ಳುವುದು ನೆಲದ ಮೇಲೆ ನಿಂತು. ಈ ಷರತ್ತನ್ನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೆ.

ಆ ಸಾಮಾನುಗಳಲ್ಲಿ ನನ್ನ ನಿದ್ದೆ ಕೆಡಿಸುವ ಒಂದು ಡಬ್ಬ ಇದೆ. ಅದರ ಹೆಸರು ಟ್ರಾನ್ಸ್‌ಪಾಂಡರ್. ಬೆಂಗಳೂರಿನ ರಾಡಾರ್ ಆಕಾಶದಲ್ಲಿರುವ ಪ್ರತಿಯೊಬ್ಬರನ್ನೂ "ಯಾರಪ್ಪಾ ನೀನು, ಎಷ್ಟು ಎತ್ತರದಲ್ಲಿದ್ದೀಯ" ಎಂದು ಕೇಳುತ್ತಲೇ ಇರುತ್ತದೆ. ಪೈಲಟ್ ಬಾಯಿ ಬಿಡದಿದ್ದರೂ ಈ ಡಬ್ಬ ತಾನೇ ಉತ್ತರ ಕೊಡುತ್ತದೆ. ನಾಲ್ಕು ಅಂಕಿಯ ಒಂದು ನಂಬರು, ಜೊತೆಗೆ ಎತ್ತರ. ಆ ಉತ್ತರ ಬಂದರೆ ಮಾತ್ರ ಬೆಂಗಳೂರಿನ ಆಕಾಶಕ್ಕೆ ಪ್ರವೇಶ. ಬರದಿದ್ದರೆ ಮಾಲೂರಿನಾಚೆ ಗಡಿಯಲ್ಲೇ ವಾಪಸ್ಸು. ಗಡಿಯ ಒಳಗೆ ಮುನ್ನೂರು ಜನರನ್ನು ಹೊತ್ತ ದೊಡ್ಡ ದೊಡ್ಡ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿರುತ್ತವೆ. ನಮ್ಮ ಡಬ್ಬ ಸುಳ್ಳು ಎತ್ತರ ಹೇಳಿದರೆ ಏನಾಗಬಹುದು ಎಂದು ಯೋಚಿಸಲೂ ನನಗೆ ಧೈರ್ಯವಿಲ್ಲ.

ಡಬ್ಬ ಸರಿಯಿದೆ ಎಂದು ಕಾಗದದ ಮೇಲೆ ಸಹಿ ಹಾಕುವವನು ನಾನೊಬ್ಬನೇ. ಅದು ತಪ್ಪಿದರೆ ನನ್ನ ಲೈಸೆನ್ಸು ಹೋಗುತ್ತದೆ. ಯಾರದಾದರೂ ಪ್ರಾಣವೇ ಹೋದರೆ ಲೈಸೆನ್ಸು ಇಟ್ಟುಕೊಂಡು ಏನು ಮಾಡಲಿ? ಸಹಿ ಹಾಕಿ ಬಸ್ಸು ಹತ್ತಿದ ಮೇಲೂ ಅರ್ಧ ದಾರಿಯಲ್ಲಿ ಇಳಿದು ವಾಪಸ್ ಹೋಗಿ, ಸಹಿ ಸರಿಯಾದ ಕಡೆ ಹಾಕಿದ್ದೇನೆಯೇ ಎಂದು ನೋಡಿಬಂದವನು ನಾನು.

ಹೀಗಿರುವಾಗ ನಮ್ಮ ಶೆಡ್ಡಿಗೆ ಶ್ರೀನಿವಾಸಪುರದ ಮಾವಿನ ಮಂಡಿ ಯಜಮಾನರು ಬಂದರು.

೧. ಕೂಡಿದರೆ ಮೂರು

ಯಜಮಾನರು ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವುದನ್ನು ಕಲಿತವರು. ಹೇಗೋ ಪರೀಕ್ಷೆ ಪಾಸು ಮಾಡಿ, ನಾಲ್ಕು ಸೀಟಿನ ಒಂದು ಹಳೆಯ ವಿಮಾನವನ್ನೂ ಕೊಂಡರು. ಅವರಿಗೆ ಇದ್ದದ್ದು ಒಂದೇ ಆಸೆ. ಮಗಳನ್ನು ಕೊಟ್ಟ ಬೀಗರ ತೋಟ ಬೆಂಗಳೂರಿನ ಆ ಕಡೆ ಇದೆ, ತೋಟದ ಹತ್ತಿರವೇ ಒಂದು ಸಣ್ಣ ರನ್‌ವೇ ಇದೆ. ಆ ಬೀಗರು ಮದುವೆ ಮಾತುಕತೆಯಲ್ಲಿ "ನಿಮ್ಮ ಕಡೆ ರೋಡು ಸರಿಯಿಲ್ಲ ಬಿಡಿ" ಎಂದಿದ್ದರಂತೆ. ಅವರ ಎದುರಿಗೆ ಮೊದಲ ಬಾದಾಮಿ ಮಾವಿನ ಬುಟ್ಟಿ ಹಿಡಿದುಕೊಂಡು ವಿಮಾನದಿಂದ ಇಳಿಯಬೇಕು, ಅಷ್ಟೆ. ಅದಕ್ಕೆ ಬೆಂಗಳೂರಿನ ಆಕಾಶ ದಾಟಬೇಕು. ದಾಟಬೇಕಾದರೆ ಟ್ರಾನ್ಸ್‌ಪಾಂಡರ್ ಬೇಕು. ಹಳೆಯದನ್ನು ತೆಗೆದು ಹೊಸದು ಹಾಕಿದೆ.

ಹಾಕಿ ಕೈ ಒರೆಸಿಕೊಳ್ಳುತ್ತಿದ್ದೇನೆ, ಯಜಮಾನರು ಸೀಟಿನಲ್ಲಿ ಕೂತು ಬಟನ್ ಒತ್ತತೊಡಗಿದರು.

"ಏನಯ್ಯಾ ರೇಡಿಯೋ, ಇದ್ರಲ್ಲಿ ಏಳಕ್ಕೇ ನಿಂತೋಗುತ್ತಲ್ಲ. ಎಂಟು, ಒಂಬತ್ತು ಎಲ್ಲಿ?"

"ಇದರ ನಂಬರಲ್ಲಿ ಎಂಟು, ಒಂಬತ್ತು ಇರಲ್ಲ ಯಜಮಾನ್ರೇ. ಸೊನ್ನೆಯಿಂದ ಏಳು, ಅಷ್ಟೆ."

"ಹೊಸದು ಅಂತ ತಂದು ಎರಡು ಅಂಕಿ ಕಮ್ಮಿ ಕೊಟ್ಟವ್ರಲ್ಲಯ್ಯಾ! ವಾಪಸ್ ಕೊಡು."

ಪ್ರಪಂಚದ ಎಲ್ಲ ಟ್ರಾನ್ಸ್‌ಪಾಂಡರೂ ಹೀಗೇ ಎಂದು ನಂಬಿಸುವುದರಲ್ಲಿ ಸಾಕಾಯಿತು. ಆಮೇಲೆ ಇನ್ನೊಂದು ಶುರುವಾಯಿತು. ಅವರ ಜೀಪಿನ ನಂಬರು ಕೂಡಿದರೆ ಮೂರು ಬರುತ್ತದೆ, ಫೋನ್ ನಂಬರು ಕೂಡಿದರೆ ಮೂರು ಬರುತ್ತದೆ. ಮುಳಬಾಗಿಲಿನ ಜೋಯಿಸರು ಮೂರೇ ಶುಭ ಎಂದು ಬರೆದುಕೊಟ್ಟಿದ್ದಾರೆ. ವಿಮಾನದ ನಂಬರೂ ಮೂರೇ ಬರಬೇಕು. ಆ ನಂಬರನ್ನು ಪ್ರತಿ ಸಲವೂ ಬೆಂಗಳೂರಿನಲ್ಲಿ ರಾಡಾರ್ ಮುಂದೆ ಕೂತಿರುವ ಕಂಟ್ರೋಲ್‌ನವರೇ ಕೊಡುತ್ತಾರೆ, ನಾವು ಆರಿಸಿಕೊಳ್ಳುವ ಹಾಗಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಕೇಳಿಸಿಕೊಳ್ಳದೆ ಬಟನ್ ಒತ್ತುತ್ತಲೇ ಇದ್ದರು.

"ಬಂತು ನೋಡು! ಗುಂಡಾಗಿ ಕೂತಿದೆ. ಏಳು ಸಾವಿರದ ಐನೂರು. ಏಳೂ ಐದೂ ಹನ್ನೆರಡು, ಒಂದೂ ಎರಡೂ ಮೂರು!"

ನನಗೆ ಕಾಲಿನಿಂದ ತಲೆವರೆಗೆ ಚಳಿ ಹತ್ತಿತು. ಏಳು ಐದು ಸೊನ್ನೆ ಸೊನ್ನೆ ಎಂದರೆ ಪ್ರಪಂಚದ ಎಲ್ಲ ರಾಡಾರ್‌ಗಳಿಗೂ ಒಂದೇ ಅರ್ಥ. ವಿಮಾನ ಅಪಹರಣವಾಗಿದೆ! ನಾನು ಕಿಟಕಿಯಿಂದಲೇ ಒಳಗೆ ನುಗ್ಗಿ ಸ್ವಿಚ್ ಆರಿಸಿದೆ, ನುಗ್ಗಿದ ರಭಸಕ್ಕೆ ಯಜಮಾನರ ಮಡಿಲಲ್ಲೇ ಬಿದ್ದೆ. ಪುಣ್ಯಕ್ಕೆ ಡಬ್ಬ ಇನ್ನೂ ಉತ್ತರ ಕೊಡುವ ಸ್ಥಿತಿಗೆ ಬಂದಿರಲಿಲ್ಲ. ಹತ್ತು ನಿಮಿಷ ನಾನು ಆಕಾಶ ನೋಡುತ್ತ ನಿಂತೆ, ಯುದ್ಧವಿಮಾನ ಬರುತ್ತದೋ ಏನೋ ಎಂದು.

ಯಜಮಾನರು ಬೆವರು ಒರೆಸಿಕೊಂಡು, ಉಳಿದ ಗಂಡಾಂತರದ ನಂಬರುಗಳು ಯಾವುವು ಎಂದು ಕೇಳಿದರು. ಹೇಳಿದೆ. ರೇಡಿಯೋ ಕೆಟ್ಟರೆ ಏಳು ಸಾವಿರದ ಆರುನೂರು, ಪ್ರಾಣಾಪಾಯವಾದರೆ ಏಳು ಸಾವಿರದ ಏಳುನೂರು. ಅವರು ಬೆರಳು ಮಡಚಿ ಕೂಡಿ ನೋಡಿದರು. ಒಂದಕ್ಕೆ ನಾಲ್ಕು ಬಂತು, ಇನ್ನೊಂದಕ್ಕೆ ಐದು.

"ಥೂ," ಎಂದರು ಬೇಸರದಿಂದ. "ನನ್ನ ಜಾತಕಕ್ಕೆ ಕೂಡಿಬರೋದು ಅಪಹರಣ ಒಂದೇನಾ?"

೨. ಹೊಟ್ಟೆ ಕೆಳಗಿನ ಚಪ್ಪಲಿ

ಮುಂದಿನ ವಾರ ಗಡಿಯ ಹತ್ತಿರ ಹೋಗಿ ಬರುವ ಪರೀಕ್ಷೆ. ಯಜಮಾನರಿಗೆ ಹಾರಿಸಲು ಕಲಿಸಿದ ಕ್ಯಾಪ್ಟನ್ ಮೇಡಂ ಜೊತೆಗೆ ಹೊರಟರು. ಮೇಡಂ ಗಟ್ಟಿ ಹೆಂಗಸು. ರೇಡಿಯೋದಲ್ಲಿ ಮಾತೆಲ್ಲ ಅವರದೇ, ಯಜಮಾನರದು ಬರೀ ಸ್ಟಿಯರಿಂಗ್. ಹಿಂದಿನ ದಿನವೇ ನಾನು ಡಬ್ಬವನ್ನು ಮೂರು ಸಲ ಪರೀಕ್ಷೆ ಮಾಡಿ ಸಹಿ ಹಾಕಿದ್ದೆ.

ವಿಮಾನ ಮೇಲೆದ್ದು ಕೋಲಾರದ ಕಡೆ ಒಂದು ಸುತ್ತು ಹೊಡೆದು ವಾಪಸ್ ತಿರುಗಿತು. ನಾನು ಕೆಳಗೆ ಕೈರೇಡಿಯೋ ಕಿವಿಗೆ ಒತ್ತಿಕೊಂಡು ನಿಂತಿದ್ದೆ. ಕಂಟ್ರೋಲ್‌ನವರ ದನಿ ಕೇಳಿಸಿತು. "ನಿಮ್ಮ ಟ್ರಾನ್ಸ್‌ಪಾಂಡರ್ ಉತ್ತರ ಕೊಡುತ್ತಿಲ್ಲ. ನೀವು ನಮಗೆ ಕಾಣಿಸುತ್ತಿಲ್ಲ. ಗಡಿಯ ಹೊರಗೇ ಇರಿ."

ಮೇಡಂ ಡಬ್ಬ ಆರಿಸಿ ಹಾಕಿದರು, ಇನ್ನೊಮ್ಮೆ ಆರಿಸಿ ಹಾಕಿದರು. ಕಾಣಿಸುತ್ತಿಲ್ಲ. ಪಶ್ಚಿಮದ ಕಡೆ ಆಕಾಶದಲ್ಲಿ ದೊಡ್ಡ ವಿಮಾನವೊಂದು ಚಕ್ರ ಇಳಿಸಿಕೊಂಡು ಹೋಗುತ್ತಿತ್ತು. ಅದರೊಳಗೆ ಇರುವ ಮಕ್ಕಳು ಮರಿಗಳೆಲ್ಲ ನನ್ನ ಕಣ್ಣಿಗೆ ಕಟ್ಟಿದರು. ನೆಲದ ಮೇಲೆ ಕೂತುಬಿಟ್ಟೆ.

ವಿಮಾನ ಇಳಿಯಿತು. ಮೇಡಂ ಇಳಿದವರೇ ನನ್ನನ್ನು ನೋಡಿದ ನೋಟ ಈಗಲೂ ಕನಸಿನಲ್ಲಿ ಬರುತ್ತದೆ. "ಸೈನ್ ಹಾಕೋಕೆ ಮುಂಚೆ ನೋಡಿದ್ರಾ, ಇಲ್ವಾ?"

ನಾನು ವಿಮಾನದ ಹೊಟ್ಟೆಯ ಕೆಳಗೆ ತೆವಳಿದೆ. ಅಲ್ಲಿ ನಾಲ್ಕು ಬೆರಳು ಉದ್ದದ ಒಂದು ಕಡ್ಡಿ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ಅದೇ ಟ್ರಾನ್ಸ್‌ಪಾಂಡರಿನ ಆಂಟೆನಾ. ಉತ್ತರವೆಲ್ಲ ಅದರಿಂದಲೇ ಹೊರಡಬೇಕು. ಆ ಕಡ್ಡಿಗೆ ಕಬ್ಬಿಣದ ತಂತಿ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿತ್ತು, ತಂತಿ ವಿಮಾನದ ತಗಡಿಗೂ ತಾಗಿಕೊಂಡಿತ್ತು. ತಂತಿಯ ತುದಿಯಲ್ಲಿ ಎಡಗಾಲಿನ ಒಂದು ಹಳೇ ಚಪ್ಪಲಿ.

ಶೆಡ್ಡಿನ ವಾಚ್‌ಮನ್ ಆಂಧ್ರ ಗಡಿಯ ನಂಗಲಿಯವನು. ಅಲ್ಲಿನ ಹೆದ್ದಾರಿಯಲ್ಲಿ ಮೂವತ್ತು ವರ್ಷ ಲಾರಿಯ ಜೊತೆ ಓಡಾಡಿ ವಯಸ್ಸಾದ ಮೇಲೆ ಇಲ್ಲಿ ಸೇರಿದವನು. ಕರೆದು ಕೇಳಿದೆ.

"ರಾತ್ರಿ ನಾನೇ ಕಟ್ಟಿದ್ದು ಸಾರ್," ಎಂದ ಹೆಮ್ಮೆಯಿಂದ. "ಇಷ್ಟು ಚೆನ್ನಾಗಿರೋ ಬಂಡಿ, ದಿಷ್ಟಿ ತಗಲಲ್ವಾ? ನಮ್ಮ ಲಾರಿಗೆ ಹಿಂದುಗಡೆ ಕಟ್ತಿದ್ವಿ. ಇದಕ್ಕೆ ಎಲ್ಲಿ ಕಟ್ಟೋದು ಅಂತ ನೋಡ್ದೆ. ಚಪ್ಪಲಿ ಕಟ್ಟೋಕೆ ಅಂತಲೇ ಕಂಪ್ನಿಯೋರು ಅಲ್ಲೊಂದು ಕಡ್ಡಿ ಇಟ್ಟವ್ರೆ."

ನನಗೆ ಕೋಪ ನೆತ್ತಿಗೇರಿತು. "ಅಯ್ಯಾ, ನೀನು ಕಟ್ಟಿದ್ದಕ್ಕೆ ವಿಮಾನ ಬೆಂಗಳೂರಿನ ರಾಡಾರ್‌ಗೇ ಕಾಣಿಸಲಿಲ್ಲ ಗೊತ್ತಾ?"

ಅವನ ಮುಖ ಅರಳಿತು. "ರಾಡಾರ್‌ಗೇ ಕಾಣಿಸ್ಲಿಲ್ವಾ? ಚೂಸ್ತಿರಾ, ನೋಡಿದ್ರಾ ಸಾರ್, ಇನ್ನು ಮನುಷ್ಯರ ಕಣ್ಣು ಯಾವ ಲೆಕ್ಕ!"

೩. ಬೀಡಿ

ಚಪ್ಪಲಿ ಪ್ರಸಂಗ ಆದ ಮೇಲೆ ವಾಚ್‌ಮನ್ನನ್ನು ಚೆನ್ನಾಗಿ ಹೆದರಿಸಬೇಕು ಅನ್ನಿಸಿತು. ನನ್ನ ಹೆದರಿಕೆಯಲ್ಲಿ ಅವನಿಗೂ ಸ್ವಲ್ಪ ಪಾಲು ಇರಲಿ ಎಂದು. ಕೂರಿಸಿಕೊಂಡು ಹೇಳಿದೆ. "ನೋಡಪ್ಪಾ, ಆ ಡಬ್ಬ ಸಾಮಾನ್ಯದ್ದಲ್ಲ. ಇಲ್ಲಿ ಏನು ನಡೆದರೂ ಅಲ್ಲಿ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುತ್ತೆ."

ಅವತ್ತಿನಿಂದ ಅವನು ವಿಮಾನದ ನೆರಳಿನಲ್ಲಿ ಬೀಡಿ ಸೇದುವುದನ್ನು ಬಿಟ್ಟ. ಬೆಳಿಗ್ಗೆ ಬಂದು ಮೊದಲು ವಿಮಾನಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದ. ನಾನು ಒಳಗೊಳಗೇ ಹಿಗ್ಗಿದೆ. ಜೀವನದಲ್ಲಿ ನನಗೂ ಒಬ್ಬ ಹೆದರಿದನಲ್ಲ ಎಂದು.

ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಶೆಡ್ಡಿಗೆ ಹೋದರೆ, ಅವನು ವಿಮಾನದ ಹೊಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಆಂಟೆನಾದ ಹತ್ತಿರ ಬಾಯಿ ಇಟ್ಟುಕೊಂಡು ಮಾತಾಡುತ್ತಿದ್ದ.

"ಸಾರ್, ನಾನು ವಾಚ್‌ಮನ್ ಮಾತಾಡೋದು. ಮೂರು ತಿಂಗಳಿಂದ ರಜಾ ಕೇಳ್ತಾ ಇದ್ದೀನಿ, ಇಲ್ಲಿ ಕೊಡ್ತಿಲ್ಲ. ತಾವೇ ಒಂದು ಮಾತು ಹೇಳಬೇಕು. ಆಮೇಲೆ ನಮ್ಮ ರೇಡಿಯೋ ಸಾರ್ ದಿನಾ ಮಧ್ಯಾಹ್ನ ಹಿಂದಿನ ಸೀಟಲ್ಲಿ ಮಲಗ್ತಾರೆ, ಅದು ತಮಗೆ ಕಾಣ್ತಾನೇ ಇರುತ್ತೆ."

೪. ದೇವರಾಯಸಮುದ್ರದ ಮೇಲೆ

ಹೊಸ ಡಬ್ಬ ಕೊಡುವ ಉತ್ತರವನ್ನು ರಾಡಾರ್ ಮಾತ್ರವಲ್ಲ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಯಾರು ಬೇಕಾದರೂ ನೋಡಬಹುದು. ಪುಟ್ಟ ವಿಮಾನದ ಚಿತ್ರ ನಕ್ಷೆಯ ಮೇಲೆ ತೆವಳುತ್ತದೆ, ಹಿಂದೆ ಬಂದ ದಾರಿಯ ಗೆರೆ ಉಳಿಯುತ್ತದೆ. ಇದು ಯಜಮಾನರಿಗೆ ಗೊತ್ತಿರಲಿಲ್ಲ. ಅವರ ಹೆಂಡತಿ ಅಮ್ಮಾವ್ರಿಗೆ ಗೊತ್ತಿತ್ತು. ಮಗಳು ಹಾಕಿಕೊಟ್ಟಿದ್ದಳು.

ಒಂದು ಮಧ್ಯಾಹ್ನ ಯಜಮಾನರು ಮೇಡಂ ಜೊತೆ ಮುಳಬಾಗಿಲಿನವರೆಗೆ ಹೋಗಿ ಬಂದು ಇಳಿದರು. ಸಂಜೆ ಟೀ ಕುಡಿಯುತ್ತಿದ್ದೆವು. ಒಂದು ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅಮ್ಮಾವ್ರು ಇಳಿದರು. ಕೈಯಲ್ಲಿ ಫೋನು. ಯಜಮಾನರ ಕಡೆ ನೋಡಲೇ ಇಲ್ಲ, ನೇರವಾಗಿ ನನ್ನ ಹತ್ತಿರ ಬಂದರು.

"ಡಬ್ಬಕ್ಕೆ ಸೈನ್ ಹಾಕೋರು ನೀವೇನಾ?"

"ಹೌದಮ್ಮಾ."

"ಅದು ನಿಜ ಹೇಳುತ್ತಾ, ಸುಳ್ಳು ಹೇಳುತ್ತಾ?"

ಫೋನು ನನ್ನ ಮುಖಕ್ಕೆ ಹಿಡಿದರು. ಗೆರೆ ನೆಟ್ಟಗೆ ಬಂದು, ದೇವರಾಯಸಮುದ್ರದ ಕೆರೆಯ ಮೇಲೆ ಗುಂಡಗೆ ಸುತ್ತಿತ್ತು. ಒಂದಲ್ಲ, ಮೂರು ಸುತ್ತು. ನಾನು ಯಜಮಾನರ ಕಡೆ ನೋಡಿದೆ. ಅವರು ಅಮ್ಮಾವ್ರ ಬೆನ್ನ ಹಿಂದಿನಿಂದ ಎರಡೂ ಕೈ ಜೋಡಿಸಿ, ತಲೆ ಅಲ್ಲಾಡಿಸಿ, ಸುಳ್ಳು ಅನ್ನು, ಸುಳ್ಳು ಅನ್ನು ಎಂದು ಬಾಯಿ ಆಡಿಸುತ್ತಿದ್ದರು. ಮದುವೆಗೆ ಮುಂಚೆ ಯಜಮಾನರು ನೋಡಿ ಬಂದಿದ್ದ ಮೊದಲನೇ ಹೆಣ್ಣು ದೇವರಾಯಸಮುದ್ರದವಳು ಎಂಬುದು ನನಗೆ ತಿಳಿದದ್ದು ಆಮೇಲೆ.

ನನ್ನ ಪಾಡು ಯೋಚಿಸಿ. ಡಬ್ಬ ನಿಜ ಎಂದರೆ ಯಜಮಾನರ ಸಂಸಾರಕ್ಕೆ ಬೆಂಕಿ. ಸುಳ್ಳು ಎಂದರೆ ನನ್ನ ಸಹಿ ಸುಳ್ಳು, ಲೈಸೆನ್ಸಿಗೆ ಬೆಂಕಿ. ಒಂದು ಕ್ಷಣ ಓಡಿಹೋಗೋಣ ಅನ್ನಿಸಿತು, ಆದರೆ ಓಡುವುದಕ್ಕೆ ಇದ್ದದ್ದು ರನ್‌ವೇ ಒಂದೇ.

"ನಿಜ ಹೇಳುತ್ತಮ್ಮಾ," ಎಂದುಬಿಟ್ಟೆ. ಯಜಮಾನರು ಗೋಡೆಗೆ ಒರಗಿದರು.

ಮೇಡಂ ಟೀ ಲೋಟ ಕೆಳಗಿಟ್ಟು ಎದ್ದು ಬಂದರು. "ಅಮ್ಮಾ, ಬೆಂಗಳೂರಿನ ಕಡೆ ವಿಮಾನಗಳು ಜಾಸ್ತಿ ಇದ್ದವು. ಸ್ವಲ್ಪ ಹೊತ್ತು ಹೊರಗಡೆ ಸುತ್ತುತ್ತಾ ಇರಿ ಅಂತ ಕಂಟ್ರೋಲ್‌ನವರು ಹೇಳಿದ್ರು. ಕೆರೆ ಮೇಲಿನಿಂದ ಚೆನ್ನಾಗಿ ಗುರುತು ಸಿಗುತ್ತೆ ಅಂತ ಅಲ್ಲಿ ಸುತ್ತಿದ್ವಿ."

ಅಮ್ಮಾವ್ರ ಮುಖ ಸ್ವಲ್ಪ ತಣ್ಣಗಾಯಿತು. ನನಗೂ ಉಸಿರು ಬಂತು. ಯಜಮಾನರು ಗೋಡೆ ಬಿಟ್ಟು ನೆಟ್ಟಗೆ ನಿಂತು, "ನೋಡಿದ್ಯಾ, ಸುಮ್ನೆ ಅನುಮಾನ ಪಡ್ತೀಯಾ" ಎಂದರು.

"ಮೂರು ಸುತ್ತೂ ಅವರೇ ಹೇಳಿದ್ದಾ?" ಎಂದರು ಅಮ್ಮಾವ್ರು.

ಮೇಡಂಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಲ್ಲ. ಎರಡು," ಎಂದರು.

ಎಲ್ಲರೂ ಯಜಮಾನರನ್ನು ನೋಡಿದೆವು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಅದು ಹಂಗಲ್ವೇ," ಎಂದರು ಮೆಲ್ಲಗೆ. "ಎರಡಕ್ಕೆ ನಿಲ್ಲಿಸಿದ್ರೆ ನನಗೆ ಆಗಿಬರಲ್ಲ, ಮೂರೇ ಶುಭ ಅಂತ ಜೋಯಿಸರು..."

೫. ಎತ್ತರ ಎಷ್ಟು?

ಕೊನೆಗೆ ಬಾದಾಮಿ ಮಾವು ಹಣ್ಣಾಯಿತು. ಬೀಗರ ಊರಿಗೆ ಹೊರಡುವ ದಿನ ನಿಶ್ಚಯವಾಯಿತು. ಅದೇ ದಾರಿಯಲ್ಲಿ ಡಬ್ಬದ ಕೊನೆಯ ಪರೀಕ್ಷೆಯೂ ಆಗಬೇಕಿತ್ತು. ವಿಮಾನದೊಳಗಿನ ಎತ್ತರದ ಮೀಟರು ತೋರಿಸುವುದಕ್ಕೂ, ಡಬ್ಬ ಹೇಳಿ ಕಂಟ್ರೋಲ್‌ನವರ ಪರದೆಯ ಮೇಲೆ ಕಾಣುವುದಕ್ಕೂ ತಾಳೆ ನೋಡಬೇಕು. ಇನ್ನೂರು ಅಡಿ ಹೆಚ್ಚುಕಡಿಮೆ ಇದ್ದರೆ ಮಾಫಿ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಬ್ಬ ಕೆಟ್ಟಿದೆ ಎಂದು ಲೆಕ್ಕ, ಸಹಿ ಹಾಕಿದವನನ್ನು ಕರೆಸುತ್ತಾರೆ.

"ಹಂಗಾದ್ರೆ ಸೈನ್ ಹಾಕೋನೂ ಹತ್ತಲಿ," ಎಂದರು ಯಜಮಾನರು.

ನಾನು ಸೇರುವಾಗಿನ ಷರತ್ತು ನೆನಪಿಸಿದೆ. ಬಿ.ಪಿ. ಇದೆ ಎಂದೆ. ಮೊಣಕಾಲು ನೋವು ಎಂದೆ. ಮೇಡಂ ಒಂದೇ ಮಾತು ಹೇಳಿದರು. "ನೀವು ಕೂರೋಕೆ ಹೆದರೋ ವಿಮಾನದಲ್ಲಿ ನಾವು ಕೂರಬೇಕಾ?" ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಬೇಡ ಅನ್ನುತ್ತಾಳೆ ಎಂಬ ಆಸೆಯಿಂದ. ಅವಳು ಬಟ್ಟೆ ಮಡಚುತ್ತ, "ಹೋಗಿಬನ್ನಿ, ಬರ್ತಾ ನಾಲ್ಕು ಹಣ್ಣು ಇಸ್ಕೊಂಡು ಬನ್ನಿ" ಎಂದಳು.

ಹತ್ತಿದೆ. ಎಡಗಡೆ ಯಜಮಾನರು, ಬಲಗಡೆ ನಾನು, ಹಿಂದೆ ಮೇಡಂ ಮತ್ತು ಮಾವಿನ ಬುಟ್ಟಿ. ಇವತ್ತು ರೇಡಿಯೋ ಮಾತೆಲ್ಲ ಯಜಮಾನರೇ ಆಡಬೇಕು, ತಾನು ಬಾಯಿ ಹಾಕುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಹಾಕಬೇಕೆಂದರೂ ಹಿಂದಿನ ಸೀಟಿನಿಂದ ಕಂಟ್ರೋಲ್‌ಗೆ ಮಾತು ಹೋಗುವುದಿಲ್ಲ. ಮುಂದಿನ ಎರಡು ಸೀಟಿಗೆ ಮಾತ್ರ ಮಾತಾಡುವ ಬಟನ್ ಇರುವುದು.

ನೆಲ ಬಿಟ್ಟ ಕ್ಷಣದಲ್ಲೇ ನನ್ನ ಪ್ರಾಣ ಕೆಳಗೆ ಉಳಿದುಹೋಯಿತು. ಎರಡು ಕೈಯಲ್ಲೂ ಸೀಟು ಹಿಡಿದುಕೊಂಡೆ. ಕಣ್ಣು ಮುಚ್ಚಿದರೆ ವಿಮಾನ ಬೀಳುತ್ತಿದೆ ಅನ್ನಿಸುತ್ತಿತ್ತು, ಬಿಟ್ಟರೆ ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದವು. ಬಿಸಿಲಿಗೆ ಮೇಲೇಳುವ ಗಾಳಿ ವಿಮಾನವನ್ನು ಕೆಳಗಿನಿಂದ ಗುದ್ದುತ್ತಿತ್ತು. ಪ್ರತಿ ಗುದ್ದಿಗೂ ನಾನು ಮಂಜುನಾಥಾ ಎಂದು ಕೂಗುತ್ತಿದ್ದೆ. ಹಿಂದಿನಿಂದ ಮಾವಿನ ಹಣ್ಣಿನ ವಾಸನೆ ಬೇರೆ. ಜೀವಮಾನದಲ್ಲಿ ಮೊದಲ ಸಲ ಬಾದಾಮಿ ಹಣ್ಣು ನನಗೆ ಬೇಡವಾಗಿತ್ತು.

ಯಜಮಾನರು ಕಂಟ್ರೋಲ್‌ನವರನ್ನು ಕರೆದರು. ಅವರು ಕೊಟ್ಟ ನಾಲ್ಕು ಅಂಕಿಯನ್ನು ಯಜಮಾನರು ಒತ್ತಿದರು. "ಕಾಣಿಸುತ್ತಿದ್ದೀರಿ" ಎಂದರು ಆ ಕಡೆಯವರು. ನನಗೆ ಅಳುವೇ ಬಂತು. ಡಬ್ಬ ಕೆಲಸ ಮಾಡುತ್ತಿದೆ! "ನಾಲ್ಕು ಸಾವಿರದ ಐನೂರು ಅಡಿ ಮೀರಬೇಡಿ, ಮೇಲೆ ದೊಡ್ಡ ವಿಮಾನಗಳಿವೆ. ಒಳಗೆ ಬನ್ನಿ" ಎಂದರು. ಈ ಅಡಿಯ ಲೆಕ್ಕ ಸಮುದ್ರದಿಂದ. ನಮ್ಮ ಕಡೆ ನೆಲವೇ ಸುಮಾರು ಮೂರು ಸಾವಿರ ಅಡಿ ಮೇಲಿದೆ.

ಐದು ನಿಮಿಷ ಆಗಿರಬೇಕು. ಕಂಟ್ರೋಲ್‌ನಲ್ಲಿದ್ದವರ ದನಿ ಸ್ವಲ್ಪ ಬಿಗಿಯಾಗಿ ಬಂತು. "ನಿಮ್ಮ ಎತ್ತರ ಎಷ್ಟು, ಹೇಳಿ."

ಇಲ್ಲಿ ಒಂದು ಮಾತು ಹೇಳಬೇಕು. ಯಜಮಾನರದು ಮೂರು ತಲೆಮಾರಿನ ಮಂಡಿ. ತೋಟದವನ ಎದುರು ಕೂತು ಯಾವತ್ತೂ ಮೊದಲು ರೇಟು ಬಾಯಿ ಬಿಟ್ಟವರಲ್ಲ. ಮೊದಲು ಅಂಕಿ ಹೇಳಿದವನು ಸೋತ ಹಾಗೆ, ಅದು ಅವರ ರಕ್ತದಲ್ಲೇ ಇದೆ. ಮತ್ತು ಈ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಯಜಮಾನರ ಇಂಗ್ಲಿಷು ಹೆಚ್ಚುಕಡಿಮೆ ಕನ್ನಡವೇ ಆದ್ದರಿಂದ ನಾನು ಕನ್ನಡದಲ್ಲೇ ಹೇಳುತ್ತೇನೆ.

"ನಿಮಗೆ ಎಷ್ಟು ಕಾಣಿಸ್ತಾ ಇದೆ ಸಾರ್?" ಎಂದರು ಯಜಮಾನರು.

"ಹೇಳಬೇಕಾದವರು ನೀವು."

"ಇಲ್ಲ ಸಾರ್, ದೊಡ್ಡೋರು ನೀವು. ಮೊದಲು ನೀವು ಹೇಳಿ."

"ನಮಗೆ ಕಾಣುತ್ತಿರುವುದು ನಾಲ್ಕು ಸಾವಿರದ ಎಂಟುನೂರು."

ಯಜಮಾನರು ಮಂಡಿಯಲ್ಲಿ ನಗುವ ಹಾಗೆ ನಕ್ಕರು. "ಅಷ್ಟೆಲ್ಲಿ ಬಂತು ಸಾರ್! ನಾಲ್ಕೂವರೆ ಹಾಕ್ಕೊಳ್ಳಿ."

ನಾನು ಒಂದು ಕಣ್ಣು ತೆರೆದು ಮೀಟರು ನೋಡಿದೆ. ನಾಲ್ಕು ಸಾವಿರದ ಎಂಟುನೂರು! ಗಾಳಿ ನಮ್ಮನ್ನು ಮೇಲೆ ತಳ್ಳಿಬಿಟ್ಟಿತ್ತು. ಡಬ್ಬ ಹೇಳುತ್ತಿದ್ದದ್ದು ಒಂದಡಿ ವ್ಯತ್ಯಾಸವಿಲ್ಲದ ಸತ್ಯ. ಕಿಟಕಿಯಿಂದ ಮೇಲೆ ನೋಡಿದೆ. ದೊಡ್ಡ ವಿಮಾನವೊಂದರ ಹೊಟ್ಟೆ ಕಾಣಿಸಿತು. ಎಷ್ಟು ದೂರವಿತ್ತೋ, ನನಗೆ ಮಾತ್ರ ಅದರ ಚಕ್ರ ಎಣಿಸುವಷ್ಟು ಹತ್ತಿರ ಅನ್ನಿಸಿತು. "ಇಳಿಸಿ ಯಜಮಾನ್ರೇ, ಇಳಿಸಿ!" ಎಂದೆ. ಅವರು ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ವ್ಯಾಪಾರದ ಮಧ್ಯೆ ಯಾರೂ ಬಾಯಿ ಹಾಕಬಾರದಲ್ಲ.

ಕಂಟ್ರೋಲ್‌ನವರು ಈಗ ಒಂದೊಂದೇ ಪದ ಬಿಡಿಸಿ ಹೇಳಿದರು. "ನಿಮ್ಮ ಮೀಟರು ನಾಲ್ಕೂವರೆ ಸಾವಿರ ತೋರಿಸುತ್ತಿದ್ದರೆ ನಿಮ್ಮ ಟ್ರಾನ್ಸ್‌ಪಾಂಡರ್ ಮುನ್ನೂರು ಅಡಿ ಸುಳ್ಳು ಹೇಳುತ್ತಿದೆ. ಅದು ಸರಿಯಿದೆ ಎಂದು ಸಹಿ ಹಾಕಿದವರು ಯಾರು?"

ನನ್ನ ಎದೆ ಬಡಿತ ಇಂಜಿನ್ನಿಗಿಂತ ಜೋರಾಗಿ ಕೇಳಿಸಿತು. ಡಬ್ಬ ನಿಜ ಹೇಳುತ್ತಿದೆ, ಮನುಷ್ಯ ಸುಳ್ಳು ಹೇಳುತ್ತಿದ್ದಾನೆ, ಶಿಕ್ಷೆ ಮಾತ್ರ ಡಬ್ಬಕ್ಕೂ ನನಗೂ!

"ಬೇಜಾರು ಮಾಡ್ಕೋಬೇಡಿ ಸಾರ್," ಎಂದರು ಯಜಮಾನರು, ದನಿಯನ್ನು ಬೆಣ್ಣೆ ಮಾಡಿಕೊಂಡು. "ನಿಮ್ಮದೂ ಬೇಡ, ನಮ್ಮದೂ ಬೇಡ. ನಾಲ್ಕು ಸಾವಿರದ ಆರುನೂರೈವತ್ತಕ್ಕೆ ಮುಗಿಸಿಬಿಡೋಣ."

ರೇಡಿಯೋದಲ್ಲಿ ಸದ್ದೇ ಇಲ್ಲ. ಹಿಂದಿನ ಸೀಟಿನಿಂದ ಮೇಡಂ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬಟನ್ ಒತ್ತಿ! ನೀವೇ ಹೇಳಿ! ಹೇಳ್ರೀ!"

ಸೀಟು ಬಿಟ್ಟರೆ ಬಿದ್ದುಹೋಗುತ್ತೇನೆ ಎಂದೇ ನಂಬಿದ್ದ ನಾನು ಬಲಗೈ ಬಿಟ್ಟೆ. ನನ್ನ ಇಡೀ ಬದುಕಿನ ಧೈರ್ಯ ಅಷ್ಟೇ. ಬಟನ್ ಒತ್ತಿ ಕಿರುಚಿದೆ. "ನಾಲ್ಕು ಸಾವಿರದ ಎಂಟುನೂರು ಸಾರ್! ಮೀಟರೂ ಎಂಟುನೂರು, ಡಬ್ಬವೂ ಎಂಟುನೂರು! ಡಬ್ಬ ಸರಿಯಾಗಿದೆ!"

"ಯಾರು ಮಾತಾಡುತ್ತಿರುವುದು?"

"ಸೈನ್ ಹಾಕಿದೋನು ಸಾರ್!"

ಆ ಕಡೆ ಯಾರೋ ಕೆಮ್ಮಿದ ಸದ್ದು ಬಂತು. ಆಮೇಲೆ ಗಂಭೀರವಾಗಿ, "ಟ್ರಾನ್ಸ್‌ಪಾಂಡರ್ ಸರಿಯಿದೆ. ಪೈಲಟ್ ಸರಿಯಾದ ಮೇಲೆ ಬನ್ನಿ. ಈಗ ಕೆಳಗಿಳಿದು ವಾಪಸ್ ತಿರುಗಿ" ಎಂದರು.

ನನಗೆ ಆನಂದಕ್ಕೆ ಕಣ್ಣಲ್ಲಿ ನೀರು. ನನ್ನ ಸಹಿ ಉಳಿಯಿತು, ನನ್ನ ಪ್ರಾಣವೂ ಇನ್ನೇನು ನೆಲ ಸೇರುತ್ತದೆ. ಯಜಮಾನರು ವಿಮಾನ ತಿರುಗಿಸಿದರು, ಮುಖ ಕೆಂಪಗಾಗಿತ್ತು. ಬೀಗರ ಊರು ತಪ್ಪಿದ ಸಂಕಟ ಎಂದುಕೊಂಡು ಏನೋ ಸಮಾಧಾನ ಹೇಳಲು ಹೋದೆ. ಅವರು ನನ್ನ ಕಡೆ ತಿರುಗಿ ಹಣೆ ಚಚ್ಚಿಕೊಂಡರು.

"ಏಮಯ್ಯಾ ನೀನು! ಆ ಮನುಷ್ಯ ಸುಮ್ಮನಾಗಿದ್ದು ನೋಡ್ಲಿಲ್ವಾ? ಒಂದೇ ಒಂದು ನಿಮಿಷ ಬಾಯಿ ಮುಚ್ಕೊಂಡಿದ್ದಿದ್ರೆ, ಇನ್ನೂ ನೂರು ಅಡಿ ಇಳಿಸ್ತಿದ್ದ ಕಣಯ್ಯಾ!"